ಎಣಿಸಿದವಳು ಹೊರಗೆ, ಉರು ಹೊಡೆದವನು ಒಳಗೆ

ಮೊದಲೇ ಹೇಳಿಬಿಡ್ತೀನಿ. ಈ ಬರಹದಲ್ಲಿ ನಾನು ಯಾರನ್ನ ಬೈಯೋಕೆ ಹೊರಟಿದ್ದೀನೋ ಆ ಗುಂಪಿನಲ್ಲಿ ನಾನೂ ಇದ್ದೀನಿ. ಬೈಗುಳದಲ್ಲಿ ಅರ್ಧ ಪಾಲು ನನಗೇ ಸೇರಬೇಕು. ಉಳಿದರ್ಧ ನೀವು ಹಂಚಿಕೊಳ್ಳಿ.

ವೈಟ್‌ಫೀಲ್ಡ್‌ನ ಒಂದು ಕಂಪನಿ. ಶನಿವಾರ. ಹೈರಿಂಗ್ ಡ್ರೈವ್. ಗಾಜಿನ ಗೋಡೆಯ ಸಣ್ಣ ರೂಮಿನಲ್ಲಿ ನಾನು, ನನ್ನ ಪಕ್ಕ ಇನ್ನೊಬ್ಬ ಸಹೋದ್ಯೋಗಿ, ಎದುರಿಗೆ ಒಬ್ಬರಾದ ಮೇಲೆ ಒಬ್ಬರಂತೆ ಅಭ್ಯರ್ಥಿಗಳು. ತಲಾ ನಲವತ್ತೈದು ನಿಮಿಷ. ಪ್ರಶ್ನೆ ನಾವು ಮಾಡಿದ್ದಲ್ಲ, ಪ್ರಶ್ನೆಗಳ ಪಟ್ಟಿಯಿಂದ ಬಂದದ್ದು. ಇಂಟರ್ವ್ಯೂಗೆ ತಯಾರಿ ಮಾಡಿದ ಯಾರಿಗೇ ಆದರೂ ಪರಿಚಯ ಇರೋದೇ: ಅಡ್ಡಕ್ಕೆ ಮೂರು ಮನೆ, ಕೆಳಕ್ಕೆ ಎಷ್ಟು ಬೇಕೋ ಅಷ್ಟು ಸಾಲು. ಪ್ರತಿ ಮನೆಯಲ್ಲೂ 1, 2, 3 ಈ ಮೂರರಲ್ಲಿ ಒಂದು ಅಂಕಿ. ಎಡಬಲದ ಮನೆಯಲ್ಲಾಗಲೀ ಮೇಲೆ ಕೆಳಗಿನ ಮನೆಯಲ್ಲಾಗಲೀ ಅದೇ ಅಂಕಿ ಬರಬಾರದು. ಒಟ್ಟು ಎಷ್ಟು ಬಗೆಯಲ್ಲಿ ತುಂಬಬಹುದು? ಕೆಲವು ಕಡೆ ಅಂಕಿಯ ಬದಲು ಬಣ್ಣ ಅಂತ ಕೇಳ್ತಾರೆ. ವಿಷಯ ಒಂದೇ.

ಮೊದಲು ಬಂದ ಹುಡುಗ ಪ್ರಶ್ನೆಯನ್ನ ಪೂರ್ತಿ ಓದಲೂ ಇಲ್ಲ. ಮೊದಲ ಎರಡು ಸಾಲು ನೋಡಿ ತಲೆ ಆಡಿಸಿದ. ಒಂಬತ್ತು ನಿಮಿಷದಲ್ಲಿ ಕೋಡ್ ಬರೆದು ಓಡಿಸಿದ, ಎಲ್ಲ ಟೆಸ್ಟ್ ಪಾಸ್. ಅವನ ಕೋಡ್‌ನಲ್ಲಿ 3, 2, 2, 2 ಅಂತ ನಾಲ್ಕು ಸಂಖ್ಯೆ ಇದ್ದವು. "ಇವು ಎಲ್ಲಿಂದ ಬಂದವು?" ಅಂತ ಕೇಳಿದೆ. "ಸರ್, ಅದು ಸ್ಟ್ಯಾಂಡರ್ಡ್" ಅಂದ. "ಅಂಕಿ ಮೂರರ ಬದಲು ನಾಲ್ಕು ಇದ್ದಿದ್ದರೆ?" ಅಂದೆ. ನನ್ನ ಮುಖ ನೋಡಿದ, ಪರದೆ ನೋಡಿದ, ಮತ್ತೆ ನನ್ನ ಮುಖ ನೋಡಿದ. ಅಷ್ಟೇ.

ಎರಡನೆಯವಳು ಪೀಣ್ಯ ಕಡೆಯ ಹುಡುಗಿ. ಅಪ್ಪ ಅಲ್ಲೇ ಒಂದು ಪ್ರೆಸ್ ಶಾಪ್‌ನಲ್ಲಿ ಆಪರೇಟರ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಡಿಪ್ಲೊಮಾ, ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಜಾಲಹಳ್ಳಿಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಊರಿನ ಆ ತುದಿಯಿಂದ ಈ ತುದಿಗೆ ಬಂದಿದ್ದಳು. ಪ್ರಶ್ನೆಯನ್ನ ಎರಡು ಸಲ ಓದಿ, "ಸರ್, ಒಂದು ಹಾಳೆ ಸಿಗುತ್ತಾ?" ಅಂದಳು. ನಮ್ಮ ರೂಮಿನಲ್ಲಿ ಹಾಳೆ ಇರಲಿಲ್ಲ. ಎರಡು ದೊಡ್ಡ ಪರದೆ, ಒಂದು ವೈಟ್‌ಬೋರ್ಡ್, ಒಣಗಿದ ಮಾರ್ಕರ್ ಇದ್ದವು. ಹೊರಗೆ ಹೋಗಿ ಪ್ರಿಂಟರ್‌ನಿಂದ ನಾಲ್ಕು ಹಾಳೆ ಕಿತ್ತು ತಂದೆ.

ಅವಳು ಎಣಿಸೋಕೆ ಶುರು ಮಾಡಿದಳು.

ಒಂದೇ ಸಾಲಿಗೆ ಎಷ್ಟು? ಮೊದಲ ಮನೆಗೆ 3 ಆಯ್ಕೆ, ಎರಡನೆಯದಕ್ಕೆ 2, ಮೂರನೆಯದಕ್ಕೆ 2. ಒಟ್ಟು 12. ಹನ್ನೆರಡನ್ನೂ ಬರೆದಳು. ಬರೆದು, ಸ್ವಲ್ಪ ಹೊತ್ತು ನೋಡಿ, "ಸರ್, ಇದರಲ್ಲಿ ಎರಡು ಥರ ಇದೆ" ಅಂದಳು. 1 2 1 ಥರದ್ದು, ಎರಡು ತುದಿಯೂ ಒಂದೇ: ಇಂಥವು 6. 1 2 3 ಥರದ್ದು, ಮೂರೂ ಬೇರೆ ಬೇರೆ: ಇಂಥವೂ 6. ಮೊದಲನೆಯದನ್ನ ಜೋಡಿ ಸಾಲು, ಎರಡನೆಯದನ್ನ ಬಿಡಿ ಸಾಲು ಅಂತ ಕರೆಯೋಣ.

1 2 1ರ ಕೆಳಗೆ ಏನೇನು ಬರಬಹುದು ಅಂತ ಬರೆದಳು: 2 1 2, 2 3 2, 3 1 3, 2 1 3, 3 1 2. ಐದು. ಅದರಲ್ಲಿ ಮೂರು ಜೋಡಿ, ಎರಡು ಬಿಡಿ. 1 2 3ರ ಕೆಳಗೆ: 2 1 2, 2 3 2, 2 3 1, 3 1 2. ನಾಲ್ಕು. ಎರಡು ಜೋಡಿ, ಎರಡು ಬಿಡಿ. ಆ ಹುಡುಗನ 3, 2, 2, 2 ಇಲ್ಲಿಂದ ಬಂದದ್ದು, ನೋಡಿ. ಅವನಿಗೆ "ಸ್ಟ್ಯಾಂಡರ್ಡ್" ಆಗಿದ್ದನ್ನ ಇವಳು ನನ್ನ ಕಣ್ಣೆದುರಿಗೇ ಹುಟ್ಟಿಸಿದಳು.

ಆಮೇಲೆ ಸಲೀಸು. ಎರಡು ಸಾಲಿಗೆ 6×5 ಮತ್ತು 6×4, ಒಟ್ಟು 54. ಅದರಲ್ಲಿ ಜೋಡಿಯಲ್ಲಿ ಮುಗಿಯೋವು 30, ಬಿಡಿಯಲ್ಲಿ ಮುಗಿಯೋವು 24. ಮೂರು ಸಾಲಿಗೆ 30×5 ಮತ್ತು 24×4, ಒಟ್ಟು 246. ಷರತ್ತೇ ಇಲ್ಲದಿದ್ದರೆ ಒಂಬತ್ತು ಮನೆಯನ್ನ 19,683 ಬಗೆಯಲ್ಲಿ ತುಂಬಬಹುದಿತ್ತು. ಪಕ್ಕದವರು ಒಂದೇ ಥರ ಇರಬಾರದು ಅನ್ನೋ ಒಂದು ಮಾತು ಅದನ್ನ 246ಕ್ಕೆ ಇಳಿಸ್ತು. 246ರ ಕೆಳಗೆ ಎರಡು ಗೆರೆ ಎಳೆದು, ಒಂದು ಮಾತು ಹೇಳಿದಳು: "ಸರ್, ಮೇಲಿನ ಸಾಲುಗಳನ್ನೆಲ್ಲ ನೆನಪಿಟ್ಟುಕೊಳ್ಳೋದು ಬೇಡ. ಕೊನೇ ಸಾಲು ಯಾವ ಥರ ಅಂತ ಗೊತ್ತಿದ್ದರೆ ಸಾಕು. ಇದು ಪ್ರಸ್ತಾರ ಹಾಕಿದ ಹಾಗೇ ಅಲ್ವಾ?"

ಸಹೋದ್ಯೋಗಿ ನನ್ನ ಕಡೆ ತಿರುಗಿ "ಏನದು?" ಅಂದ. ನಾನು "ಏನೋ ಸ್ಕೂಲ್ ವಿಷಯ, ಬಿಡಿ" ಅಂದೆ. ಕನ್ನಡ ಬರುವ ನಾನೇ ಹಾಗಂದೆ.

ಹೊತ್ತು ಮೀರಿತ್ತು. ಅವಳು ಕೋಡ್ ಶುರು ಮಾಡಿದಾಗ ಹತ್ತು ನಿಮಿಷ ಉಳಿದಿತ್ತು. ಲೂಪ್ ಸರಿಯಾಗೇ ಬರೆದಳು, ಆದರೆ 1000000007ರಿಂದ ಭಾಗಿಸಿ ಶೇಷ ಇಟ್ಟುಕೊಳ್ಳೋದನ್ನ ಬಿಟ್ಟಿದ್ದಳು. ದೊಡ್ಡ ಟೆಸ್ಟ್‌ಗಳು ಫೇಲ್. ಫೀಡ್‌ಬ್ಯಾಕ್ ಫಾರ್ಮ್‌ನಲ್ಲಿ "ಪರಿಹಾರ ಅಪೂರ್ಣ" ಅನ್ನೋ ಖಾನೆ ಇತ್ತು. ಟಿಕ್ ಹಾಕಿದ ಬೆರಳು ನನ್ನದೇ. ಹುಡುಗನಿಗೆ ಆಫರ್ ಹೋಯ್ತು. ಹುಡುಗಿಗೆ ಒಂದು ಮೇಲ್ ಹೋಯ್ತು, ನೀವೆಲ್ಲ ಒಮ್ಮೆಯಾದರೂ ಓದಿರೋ ಅದೇ ಮೇಲ್.

ಈಗ ಜಗಳಕ್ಕೆ ಬರೋಣ.

ನಮ್ಮ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ಗ್ರಿಡ್ ಎಣಿಸೋ ಪ್ರಶ್ನೆ ಬುದ್ಧಿಯ ಪರೀಕ್ಷೆಯಾಗಿ ಉಳಿದಿಲ್ಲ. ಮಗ್ಗಿ ಒಪ್ಪಿಸೋ ಕಾರ್ಯಕ್ರಮ ಆಗಿದೆ. ನೀಲಾದ್ರಿ ರಸ್ತೆಯ ಯಾವ ಪಿ.ಜಿ.ಗೆ ಬೇಕಾದರೂ ರಾತ್ರಿ ಹನ್ನೊಂದಕ್ಕೆ ಹೋಗಿ ನೋಡಿ. ಮಂಚದ ಮೇಲೆ ಲ್ಯಾಪ್‌ಟಾಪ್, ಲ್ಯಾಪ್‌ಟಾಪಿನಲ್ಲಿ ಒಂದು ಶೀಟ್, ಶೀಟಿನಲ್ಲಿ ನೂರಾರು ಪ್ರಶ್ನೆ, ಮುಗಿದದ್ದಕ್ಕೆ ಹಸಿರು ಬಣ್ಣ. ಒಂದು ಪ್ರಶ್ನೆಗೆ ಹದಿನೈದು ನಿಮಿಷ ಕೊಡು, ಬರಲಿಲ್ಲ ಅಂದರೆ ಉತ್ತರ ನೋಡು, ಉರು ಹೊಡಿ, ಹಸಿರು ಮಾಡು, ಮುಂದೆ ಹೋಗು. ನಮ್ಮ ಮಕ್ಕಳ ಸ್ಕೂಲಿನಲ್ಲಿ ಗಿಣಿಪಾಠ ಮಾಡಿಸ್ತಾರೆ ಅಂತ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎದ್ದು ನಿಂತು ಮಾತಾಡೋ ನಾವೇ, ಮೂವತ್ತು ದಾಟಿದ ಮೇಲೂ ಕೆಲಸ ಬದಲಾಯಿಸೋ ಸಮಯ ಬಂದರೆ ಅದೇ ಗಿಣಿಪಾಠಕ್ಕೆ ಕೂರ್ತೀವಿ.

ತಪ್ಪು ಆ ಹುಡುಗನದ್ದಲ್ಲ. ಅವನು ಆಟದ ನಿಯಮ ನೋಡಿಕೊಂಡು ಆಡಿದ. ನಿಯಮ ಮಾಡಿದವರು ಮೇಜಿನ ಈ ಕಡೆ ಕೂತಿರೋರು. ಪಟ್ಟಿಯಿಂದ ಪ್ರಶ್ನೆ ಎತ್ತಿಕೊಂಡು, ಉತ್ತರದ ಹಾಳೆ ಪಕ್ಕದಲ್ಲಿಟ್ಟುಕೊಂಡು, ಗಡಿಯಾರ ನೋಡ್ತಾ ಕೂರೋ ನಮಗೆ ಎಷ್ಟು ಜನಕ್ಕೆ ಆ 3, 2, 2, 2 ಎಲ್ಲಿಂದ ಬಂತು ಅಂತ ಗೊತ್ತು? ಎದೆ ಮುಟ್ಟಿಕೊಂಡು ಹೇಳಿ. ನನಗೆ ಆವತ್ತಿನ ತನಕ ಗೊತ್ತಿರಲಿಲ್ಲ.

ಆ 1000000007ನ್ನೇ ತೊಗೊಳ್ಳಿ. ಪ್ರತಿಯೊಬ್ಬನೂ ಮಂತ್ರದ ಥರ ಟೈಪ್ ಮಾಡ್ತಾನೆ. ಯಾಕೆ ಅದೇ ಸಂಖ್ಯೆ? ನಮ್ಮ ಮೂರು ಮನೆ ಅಗಲದ ಗ್ರಿಡ್‌ಗೆ ಐದು ಸಾವಿರ ಸಾಲು ಕೊಟ್ಟರೆ ಉತ್ತರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಂಕಿ ಬರ್ತವೆ. ಅಷ್ಟು ದೊಡ್ಡದನ್ನ ಹಿಡಿದು ಓಡಾಡೋ ಬದಲು ಶೇಷ ಮಾತ್ರ ಇಟ್ಟುಕೊಳ್ತೀವಿ. ಅದೊಂದು ಅವಿಭಾಜ್ಯ ಸಂಖ್ಯೆ. ಅದಕ್ಕಿಂತ ಚಿಕ್ಕ ಎರಡು ಸಂಖ್ಯೆ ಕೂಡಿಸಿದರೆ 32 ಬಿಟ್‌ನಲ್ಲಿ ಹಿಡಿಸುತ್ತೆ, ಗುಣಿಸಿದರೆ 64 ಬಿಟ್‌ನಲ್ಲಿ ಹಿಡಿಸುತ್ತೆ. ಅಷ್ಟೇ ಗುಟ್ಟು. ಅದು ಎಣಿಕೆಯ ಭಾಗವೇ ಅಲ್ಲ, ಸಾಮಾನು ಸಾಗಿಸೋ ಚೀಲ. ಚೀಲ ಮರೆತಳು ಅಂತ ನಾನು ಅಡುಗೆ ಮಾಡಿದವಳನ್ನೇ ವಾಪಸ್ ಕಳಿಸಿದೆ.

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪು ಚಪ್ಪಾಳೆ ಹೊಡೆಯುತ್ತೆ: "ಕರೆಕ್ಟ್ ಗುರು! ಈ ಗ್ರಿಡ್, ಪಜಲ್ ಎಲ್ಲ ತೆಗೆದು ಹಾಕಬೇಕು. ಕೆಲಸದಲ್ಲಿ ಯಾರು ಕೇಳ್ತಾರೆ ಇದನ್ನ?" ಸ್ವಾಮಿ, ನಿಮ್ಮ ಜತೆಗೂ ನನಗೆ ಜಗಳ ಇದೆ.

ನಿಮ್ಮ ಜೇಬಿನಲ್ಲಿರೋ ಫೋನ್ ತೆಗೀರಿ. 4ಜಿಯಲ್ಲಿ ಪ್ರತಿ ಸೆಲ್‌ಗೂ 0ರಿಂದ 503ರ ನಡುವೆ ಒಂದು ಗುರುತಿನ ಸಂಖ್ಯೆ ಇರುತ್ತೆ. ಅದನ್ನ 3ರಿಂದ ಭಾಗಿಸಿದಾಗ ಉಳಿಯೋ ಶೇಷ 0, 1 ಅಥವಾ 2. ಫೋನು ಸೆಲ್ಲನ್ನ ಹುಡುಕುವಾಗ ಮೊದಲು ಹಿಡಿಯೋ ಸಿಗ್ನಲ್ ಈ ಶೇಷದ ಪ್ರಕಾರ ಮೂರೇ ಬಗೆ. ಅಕ್ಕಪಕ್ಕದ ಸೆಲ್‌ಗಳ ಶೇಷ ಒಂದೇ ಆದರೆ ಒಂದರ ಸಿಗ್ನಲ್ ಮೇಲೆ ಇನ್ನೊಂದು ಬಿದ್ದು ಗೊಂದಲ. ಅದಕ್ಕೇ ನೆಟ್‌ವರ್ಕ್ ಯೋಜನೆ ಮಾಡೋ ಎಂಜಿನಿಯರುಗಳು ಆದಷ್ಟೂ ಪಕ್ಕಪಕ್ಕದವಕ್ಕೆ ಒಂದೇ ಶೇಷ ಬಾರದ ಹಾಗೆ ಹಂಚ್ತಾರೆ. ಮೂರು ಅಂಕಿ, ನೆರೆಮನೆಯಲ್ಲಿ ಅದೇ ಬರಬಾರದು. ಆ ಹುಡುಗಿ ಹಾಳೆಯ ಮೇಲೆ ಬರೆದದ್ದು ಇನ್ನೇನು?

ಭೌತಶಾಸ್ತ್ರಕ್ಕೆ ಹೋದರೆ ಇನ್ನೂ ಮಜಾ. ಮಂಜುಗಡ್ಡೆಯಲ್ಲಿ ಪ್ರತಿ ಆಮ್ಲಜನಕದ ಸುತ್ತ ಜಲಜನಕಗಳು ಎರಡು ಹತ್ತಿರ, ಎರಡು ದೂರ ಇರಬೇಕು ಅನ್ನೋ ಷರತ್ತಿದೆ. ಅದನ್ನ ಪಾಲಿಸಿಕೊಂಡು ಎಷ್ಟು ಬಗೆಯಲ್ಲಿ ಜೋಡಿಸಬಹುದು? 1935ರಲ್ಲಿ ಲೈನಸ್ ಪಾಲಿಂಗ್ ಒಂದೊಂದು ಅಣುವಿಗೆ 1.5 ಅಂತ ಅಂದಾಜು ಹಾಕಿದ. ಚೌಕದ ಗ್ರಿಡ್‌ನ ಮೇಲಿನ ಮಂಜುಗಡ್ಡೆಗೆ 1967ರಲ್ಲಿ ಎಲಿಯಟ್ ಲೀಬ್ ನಿಖರ ಉತ್ತರ ಕೊಟ್ಟ: ಸುಮಾರು 1.54. ಆ ಚೌಕದ ಮಂಜುಗಡ್ಡೆಯ ಲೆಕ್ಕವೂ ನಮ್ಮ 1, 2, 3ರ ಗ್ರಿಡ್ ಲೆಕ್ಕವೂ ಒಂದೇ. ಅಗಲ, ಉದ್ದ ಎರಡೂ ಬೆಳೀತಾ ಹೋದರೆ ಒಂದೊಂದು ಮನೆಗೆ ಸರಾಸರಿ ಉಳಿಯೋ ಸ್ವಾತಂತ್ರ್ಯ ಆ 1.54. ಮೂರು ಆಯ್ಕೆ ಇದ್ದದ್ದು ನೆರೆಹೊರೆಯ ಕಾಟದಿಂದ ಒಂದೂವರೆ ಚಿಲ್ಲರೆಗೆ ಇಳೀತು. ಇಂಥ ಪ್ರಶ್ನೆಯನ್ನ ಕಸ ಅಂತ ಎಸೀತೀರಾ? ಪ್ರಶ್ನೆ ಚಿನ್ನ. ಅದನ್ನ ತೂಗೋ ತಕ್ಕಡಿ ಕೆಟ್ಟಿದೆ.

ಇನ್ನು ಆ "ಸ್ಕೂಲ್ ವಿಷಯ". ಅವಳು ಹೋದ ಮೇಲೆ ಪ್ರಸ್ತಾರ ಅನ್ನೋ ಪದ ತಲೆಯಲ್ಲಿ ಕೂತುಬಿಡ್ತು. ನೆನಪಿದೆಯಾ? ಹೈಸ್ಕೂಲಿನ ಕನ್ನಡ ಪರೀಕ್ಷೆಯಲ್ಲಿ ಪದ್ಯದ ಎರಡು ಸಾಲು ಕೊಟ್ಟು, ಲಘು ಗುರು ಗುರುತು ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೀರಿ ಅಂತಿದ್ದರು. ನಾವು ಅಂಕ ಬರುತ್ತೆ ಅಂತ ಮಾಡ್ತಿದ್ದೆವು. ಯಾರೂ ಹೇಳಲಿಲ್ಲ, ಅದೊಂದು ಎಣಿಕೆಯ ಶಾಸ್ತ್ರ ಅಂತ.

ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಬಗೆ? ಕೊನೆಯದು ಲಘುವಾದರೆ ಅದರ ಹಿಂದೆ ಎರಡು ಮಾತ್ರೆ, ಗುರುವಾದರೆ ಒಂದು ಮಾತ್ರೆ. ಆ ಎರಡನ್ನ ಕೂಡಿಸಿ. ಎರಡು ಮಾತ್ರೆಗೆ 2, ಒಂದಕ್ಕೆ 1, ಹಾಗಾಗಿ ಮೂರಕ್ಕೆ 3. ನಾಲ್ಕಕ್ಕೆ 5, ಐದಕ್ಕೆ 8, ಆರಕ್ಕೆ 13. ಕೊನೆಯದು ಯಾವ ಥರ ಅಂತ ಗೊತ್ತಿದ್ದರೆ ಸಾಕು, ಹಿಂದಿನದೆಲ್ಲ ನೆನಪಿಡೋದು ಬೇಡ. ಆ ಹುಡುಗಿ ಹೇಳಿದ ಮಾತು ಅಕ್ಷರಶಃ ಇದೇ. ಮಾತ್ರಾವೃತ್ತಗಳನ್ನ ಹೀಗೆ ಎಣಿಸೋ ಕ್ರಮ ವಿರಹಾಂಕನಲ್ಲಿ, 12ನೇ ಶತಮಾನದ ಹೇಮಚಂದ್ರನಲ್ಲಿ ಸಿಗುತ್ತೆ. ಫಿಬೊನಾಚಿಯ ಪುಸ್ತಕ 1202ರದ್ದು. ಪ್ರಸ್ತಾರ ಅಂದರೆ ಎಲ್ಲ ಬಗೆಗಳನ್ನೂ ಕ್ರಮವಾಗಿ ಬರೆಯೋದು. ನಷ್ಟ ಅಂದರೆ ಎಷ್ಟನೆಯದು ಅಂತ ಕೊಟ್ಟರೆ ಆ ಬಗೆಯನ್ನ ಕಂಡುಹಿಡಿಯೋದು. ಉದ್ದಿಷ್ಟ ಅಂದರೆ ಬಗೆ ಕೊಟ್ಟರೆ ಅದು ಎಷ್ಟನೆಯದು ಅಂತ ಹೇಳೋದು. ನಮ್ಮ ಪ್ರಶ್ನೆಪಟ್ಟಿಯಲ್ಲಿ ಇವು ಮೂರೂ ಬೇರೆ ಹೆಸರಿನಲ್ಲಿ ಇವೆ, ನೀವೂ ಹಸಿರು ಬಣ್ಣ ಹಚ್ಚಿರಬಹುದು.

ಇದೆಲ್ಲ ಒಂದೇ ಸಾಲಿನ ಲೆಕ್ಕ, ಗ್ರಿಡ್ ಎಲ್ಲಿ ಬಂತು ಅಂತೀರಾ? ಕಂದಪದ್ಯ ನೋಡಿ. ಕವಿರಾಜಮಾರ್ಗದಿಂದ ಹಿಡಿದು ನಮ್ಮ ಹಳೆಗನ್ನಡ ಕಾವ್ಯಗಳ ತುಂಬ ಇರೋ ಛಂದಸ್ಸು. ನಾಲ್ಕು ಸಾಲು. 1 ಮತ್ತು 3ನೇ ಸಾಲಿನಲ್ಲಿ ನಾಲ್ಕು ಮಾತ್ರೆಯ ಗಣ ಮೂರು ಮೂರು, 2 ಮತ್ತು 4ನೇ ಸಾಲಿನಲ್ಲಿ ಐದೈದು. ಅರ್ಧ ಪದ್ಯಕ್ಕೆ ಎಂಟು ಗಣ, ಅಂದರೆ ಎಂಟು ಮನೆ. ಒಂದೊಂದು ಮನೆಯಲ್ಲೂ ಐದು ಬಗೆಯ ಗಣಗಳಲ್ಲಿ ಒಂದು. ಷರತ್ತುಗಳು: 1, 3, 5, 7ನೇ ಮನೆಯಲ್ಲಿ ಜಗಣ, ಅಂದರೆ ಲಘು ಗುರು ಲಘು, ಕೂಡದು. 6ನೇ ಮನೆಯಲ್ಲಿ ಜಗಣ ಅಥವಾ ನಾಲ್ಕೂ ಲಘು ಮಾತ್ರ. 8ನೇ ಮನೆ ಗುರುವಿನಲ್ಲಿ ಮುಗೀಬೇಕು.

ಎಣಿಸೋಣ. ಬೆಸ ಮನೆಗಳಿಗೆ ತಲಾ 4 ಆಯ್ಕೆ. 2 ಮತ್ತು 4ನೇ ಮನೆಗೆ ತಲಾ 5. 6ಕ್ಕೆ 2, 8ಕ್ಕೆ 2. ಗುಣಿಸಿದರೆ ಅರ್ಧಕ್ಕೆ 25,600. ಇಡೀ ಪದ್ಯಕ್ಕೆ ಅದರ ವರ್ಗ: 65,53,60,000.

ಇನ್ನೂ ಮುಗೀಲಿಲ್ಲ. ಕನ್ನಡಕ್ಕೆ ಆದಿಪ್ರಾಸ ಬೇಕು. ನಾಲ್ಕೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಮತ್ತು ಅದರ ಹಿಂದಿನ ಅಕ್ಷರ ನಾಲ್ಕೂ ಸಾಲಿನಲ್ಲಿ ಗುರುವಾದರೆ ಗುರು, ಲಘುವಾದರೆ ಲಘು. ಮೇಲಿನ ಸಾಲು ಕೆಳಗಿನ ಸಾಲಿಗೆ ಷರತ್ತು ಹಾಕ್ತಾ ಇದೆ! ನಾಲ್ಕು ಸಾಲುಗಳ ಮೊದಲ ಗಣಗಳನ್ನ ಮೊದಲು 4×5×4×5, ಅಂದರೆ 400 ಬಗೆಯಲ್ಲಿ ಆರಿಸಬಹುದಿತ್ತು. ಈಗ ಎಲ್ಲವೂ ಗುರುವಿನಿಂದ ಶುರುವಾದರೆ 2×2×2×2, ಅಂದರೆ 16. ಎಲ್ಲವೂ ಲಘುವಿನಿಂದ ಶುರುವಾದರೆ 2×3×2×3, ಅಂದರೆ 36. ಒಟ್ಟು 52. ನೂರರಲ್ಲಿ ಹದಿಮೂರು ಮಾತ್ರ ಉಳಿದವು. 65 ಕೋಟಿ ಚಿಲ್ಲರೆ ಇದ್ದದ್ದು 8,51,96,800ಕ್ಕೆ ಬಂತು. ಪೆನ್ನು ಹಿಡಿದು ನೀವೇ ಪರೀಕ್ಷೆ ಮಾಡಿ, ಹತ್ತು ನಿಮಿಷದ ಕೆಲಸ. ವ್ಯಂಜನಗಳನ್ನ ಇನ್ನೂ ಎಣಿಸೇ ಇಲ್ಲ, ಇದು ಬರೀ ಲಘು ಗುರುಗಳ ಲೆಕ್ಕ.

ತಕ್ಷಣ ಮೀಸೆ ತಿರುವಬೇಡಿ. "ಎಲ್ಲ ನಮ್ಮಲ್ಲಿ ಆಗಲೇ ಇತ್ತು" ಅಂತ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡೋಕೆ ನಾನು ಇದನ್ನ ಬರೀತಿಲ್ಲ. ಹೌದು, 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲೇ ಕವಿರಾಜಮಾರ್ಗ ಬಂತು, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದು ಇಷ್ಟರಲ್ಲಿ ಇಷ್ಟನ್ನ ಎಷ್ಟು ಬಗೆಯಲ್ಲಿ ಆರಿಸಬಹುದು ಅನ್ನೋದಕ್ಕೆ ಸಾಮಾನ್ಯ ಸೂತ್ರ ಕೊಟ್ಟ. ಹೌದು, 10ನೇ ಶತಮಾನದ ಕೊನೆಗೆ ನಾಗವರ್ಮ ಕನ್ನಡದಲ್ಲೇ ಛಂದೋಂಬುಧಿ ಬರೆದ. ಆದರೆ ಅವರು ಎಣಿಸಿದರು. ನಾವು ಅವರ ಹೆಸರು ಹೇಳ್ತೀವಿ ಅಷ್ಟೇ. ಪ್ರಸ್ತಾರವನ್ನ ಅಂಕಕ್ಕಾಗಿ ಉರು ಹೊಡೆದು ಮರೆತವರು ನಾವು, ಗ್ರಿಡ್ ಎಣಿಕೆಯನ್ನ ಪ್ಯಾಕೇಜಿಗಾಗಿ ಉರು ಹೊಡೆದು ಮರೀತಿರೋರೂ ನಾವೇ. ಎರಡೂ ಒಂದೇ ರೋಗ. ಒಂದು ಕಡೆ ಅದಕ್ಕೆ ಸಂಸ್ಕೃತಿ ಅಂತ ಹೆಸರು, ಇನ್ನೊಂದು ಕಡೆ ಕೆರಿಯರ್ ಅಂತ.

ಇದರಲ್ಲಿ ಯಾರಿಗೆ ನಷ್ಟ ಅನ್ನೋದನ್ನ ನೋಡಿ. ಉರು ಹೊಡೆಯೋಕೆ ಸಮಯ ಬೇಕು, ಕೋರ್ಸಿಗೆ ದುಡ್ಡು ಬೇಕು, ಯಾವ ಪ್ರಶ್ನೆ ಬರುತ್ತೆ ಅಂತ ಪಿಸುಗುಟ್ಟೋ ಸೀನಿಯರ್‌ಗಳು ಬೇಕು. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬರೋ ಅಪ್ಪನ ಮನೆಯಲ್ಲಿ ಇವು ಮೂರೂ ಇರಲ್ಲ. ಎಣಿಸೋಕೆ ಬೇಕಾಗೋದು ಒಂದು ಹಾಳೆ ಮತ್ತು ಹೊತ್ತು. ಅಂದರೆ ಈ ಪ್ರಶ್ನೆಯನ್ನ ಸರಿಯಾಗಿ ಕೇಳಿದರೆ, ಎಲ್ಲಿಂದ ಬಂದಿದ್ದೀಯ ಅನ್ನೋದು ಲೆಕ್ಕಕ್ಕೇ ಬರದ ಪ್ರಶ್ನೆ ಇದು. ಅದನ್ನೇ ಹಿಡಿದು ನಾವು ಬಾಗಿಲು ಹಾಕೋ ಚಿಲಕ ಮಾಡಿಕೊಂಡಿದ್ದೀವಿ.

"ಒಂದು ಪೋಸ್ಟಿಗೆ ಅಷ್ಟೊಂದು ರೆಸ್ಯೂಮೆ ಬರುತ್ತೆ, ಏನಾದರೂ ಜರಡಿ ಬೇಕಲ್ಲ" ಅಂತೀರಿ. ಬೇಕು. ಆದರೆ ಜರಡಿಯಲ್ಲಿ ಅಕ್ಕಿ ಕೆಳಗೆ ಬಿದ್ದು ಕಲ್ಲು ಮೇಲೆ ಉಳಿದರೆ, ಜರಡಿ ಚೆನ್ನಾಗಿ ಓಡ್ತಾ ಇದೆ ಅಂತ ಯಾರೂ ಖುಷಿ ಪಡಲ್ಲ. ಅದೂ ಅಲ್ಲದೆ, ಆ ಒಂಬತ್ತು ನಿಮಿಷದ ಕೋಡನ್ನ ಇವತ್ತು ಎಐ ಒಂಬತ್ತು ಸೆಕೆಂಡಿನಲ್ಲಿ ಬರೆದು ಕೊಡುತ್ತೆ, ಆ 1000000007 ಸಮೇತ. ಒಪ್ಪಿಸೋ ಕೆಲಸಕ್ಕೆ ಇನ್ನು ಮನುಷ್ಯನಿಗೆ ಸಂಬಳ ಕೊಡೋ ಅಗತ್ಯವೇ ಇಲ್ಲ. ಆ ಕೋಡ್ ಸರಿಯೋ ತಪ್ಪೋ ಅಂತ ಎರಡು ಸಾಲು ಕೈಯಲ್ಲಿ ಎಣಿಸಿ, 54 ಬರಬೇಕಿತ್ತಲ್ಲ, ಯಾಕೆ ಬಂದಿಲ್ಲ ಅಂತ ಕೇಳೋರು ಬೇಕು. ಅಂಥವಳು ಬಂದಿದ್ದಳು. ಕಳಿಸಿಬಿಟ್ಟೆವು.

ಬರೀ ಬೈದರೆ ಸಾಲದು, ಏನು ಮಾಡಬೇಕು ಅಂತಲೂ ಹೇಳ್ತೀನಿ. ಇಂಟರ್ವ್ಯೂ ರೂಮಿನಲ್ಲಿ ಹಾಳೆ, ಪೆನ್ಸಿಲ್ ಇಡಿ. ಕೋಡ್‌ಗೆ ಮುಂಚೆ ಸಣ್ಣ ಗ್ರಿಡ್ಡನ್ನ ಕೈಯಲ್ಲಿ ಎಣಿಸೋಕೆ ಹೇಳಿ, ಅದಕ್ಕೇ ಅರ್ಧ ಅಂಕ ಕೊಡಿ. ಅಭ್ಯರ್ಥಿ ಕನ್ನಡದಲ್ಲೋ ತೆಲುಗಿನಲ್ಲೋ ಹಿಂದಿಯಲ್ಲೋ ಗಟ್ಟಿಯಾಗಿ ಯೋಚಿಸಿದರೆ ಯೋಚಿಸಲಿ, ರೂಮಿನಲ್ಲಿ ಒಬ್ಬರಿಗಾದರೂ ಆ ಭಾಷೆ ಬರೋ ಹಾಗೆ ಪ್ಯಾನೆಲ್ ಮಾಡಿ. ಉತ್ತರ ಬಂದ ಮೇಲೆ ಒಂದು ಷರತ್ತು ಬದಲಿಸಿ. ಉದಾಹರಣೆಗೆ, ನೆರೆಮನೆಯಲ್ಲಿ ಅದೇ ಅಂಕಿ ಬರಬಹುದು, ಆದರೆ ವ್ಯತ್ಯಾಸ 1ಕ್ಕಿಂತ ಹೆಚ್ಚಿರಬಾರದು ಅನ್ನಿ. ಆಗ ಒಂದೇ ಸಾಲಿಗೆ 12ರ ಬದಲು 17 ಬರುತ್ತೆ, ಜೋಡಿ ಬಿಡಿ ಅನ್ನೋ ಉಪಾಯ ಕೈಕೊಡುತ್ತೆ. ಯಾಕೆ ಅಂದರೆ 2ಕ್ಕೆ 1, 3 ಇಬ್ಬರ ಜತೆಗೂ ಹೊಂದಿಕೆ, 1ಕ್ಕೂ 3ಕ್ಕೂ ಆಗಿಬರಲ್ಲ. ಮೂರು ಅಂಕಿಯೂ ಇನ್ನು ಸರಿಸಮಾನ ಅಲ್ಲ. ಉರು ಹೊಡೆದವನು ಇಲ್ಲಿ ನಿಲ್ತಾನೆ. ಎಣಿಸಿದವಳು ಇನ್ನೊಂದು ಹಾಳೆ ಕೇಳ್ತಾಳೆ.

ಆ ಶನಿವಾರದ ಮುಂದಿನ ವಾರ ಎಚ್‌ಆರ್‌ಗೆ ಬರೆದೆ, ನನ್ನ ಫೀಡ್‌ಬ್ಯಾಕ್ ತಪ್ಪಾಗಿದೆ, ಅವಳನ್ನ ವಾಪಸ್ ಕರೆಸಿ ಅಂತ. ಒಮ್ಮೆ ರಿಜೆಕ್ಟ್ ಆದರೆ ಆರು ತಿಂಗಳು ಮತ್ತೆ ಕರೆಯೋ ಹಾಗಿಲ್ಲ, ಸಿಸ್ಟಮ್ ಬಿಡಲ್ಲ ಅಂತ ಉತ್ತರ ಬಂತು. ಅವಳ ನಾಲ್ಕು ಹಾಳೆ ನನ್ನ ಡ್ರಾಯರ್‌ನಲ್ಲಿವೆ. ಅಷ್ಟರಲ್ಲಿ ಅವಳನ್ನ ನನಗಿಂತ ಬುದ್ಧಿವಂತರು ಯಾರಾದರೂ ಸೇರಿಸಿಕೊಂಡಿರಲಿ ಅಂತ ಆಸೆ.

ಸೋಮವಾರ ನಿಮ್ಮ ಪ್ಯಾನೆಲ್ ಇದೆಯಾ? ಹೋಗೋ ಮುಂಚೆ ಎರಡು ಅಡ್ಡ, ಎರಡು ಉದ್ದ, ನಾಲ್ಕೇ ಮನೆ ಬರೆದುಕೊಳ್ಳಿ. 1, 2, 3 ತುಂಬಿ, ನೆರೆಮನೆಯಲ್ಲಿ ಅದೇ ಬಾರದ ಹಾಗೆ. ಯಾರನ್ನೂ ಕೇಳದೆ, ಏನನ್ನೂ ನೋಡದೆ ಎಣಿಸಿ. 18 ಬರಬೇಕು. ಬರಲಿಲ್ಲ ಅಂದರೆ ಆವತ್ತು ಮೇಜಿನ ಆ ಕಡೆಯ ಕುರ್ಚಿಯಲ್ಲಿ ಕೂತ್ಕೊಳ್ಳಿ.